ಕಾರವಾರ-ಅಂಕೋಲೆಗಳಲ್ಲಿ ಊರು ಮತ್ತು ಪಟ್ಟಣ

೧

ಕೊಂಕಣ ರೈಲಿನಿಂದ ಕಾರವಾರದ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಯು ತಾನು ಪಟ್ಟಣಕ್ಕೆ ಬಂದೆನೆಂದು ತಿಳಿಯುವನು. ನಿಲ್ದಾಣದ ಹಲಗೆಯ ಮೇಲೆ ಕಾರವಾರವೆಂದೇ ಬರೆದಿರುವದು. ಆದರೆ ಅವನ ಕಾಲ ಕೆಳಗಿನ ನೆಲವು ಶಿರವಾಡದ್ದು, ಗ್ರಾಮ ಪಂಚಾಯತಿಯ ಆಡಳಿತಕ್ಕೆ ಸೇರಿದ್ದು. ಪೇಟೆಯನ್ನು ಮುಟ್ಟಬೇಕಾದರೆ ಅಲ್ಲಿಂದ ಇನ್ನೂ ಕೆಲವು ಮೈಲು ಸಾಗಬೇಕು. ಇನ್ನು ಪಟ್ಟಣದ ಉತ್ತರದ ತುದಿಯಾದ ಕೋಡಿಬಾಗದಿಂದ ಕಾಳೀನದಿಯನ್ನು ದಾಟಿ ಸದಾಶಿವಗಡಕ್ಕೆ ಹೋದವರಿಗೆ ಅಂಗಡಿಗಳ ಸಾಲು, ಮನೆಗಳ ದಟ್ಟಣೆ, ಜನರ ಮಾತು, ಉಡಿಗೆ ಇವೊಂದರಲ್ಲಿಯೂ ಭೇದವು ಕಾಣಿಸದು. ಆದರೂ ನದಿಯ ನಡುವೆ ಎಲ್ಲಿಯೋ ಪಟ್ಟಣವು ಮುಗಿದು ಹಳ್ಳಿಯು ತೊಡಗಿರುವದು. ಆಚೆಯ ದಡವು ಚಿತ್ತಾಕುಲಾ ಗ್ರಾಮ ಪಂಚಾಯತಿ. ಮೋಜಿನ ಸಂಗತಿಯೇನೆಂದರೆ, ಅದೇ ಚಿತ್ತಾಕುಲವನ್ನು ಜನಗಣತಿಯವರು ತಮ್ಮ ಪುಸ್ತಕದಲ್ಲಿ ಪಟ್ಟಣವೆಂದು ಬರೆದುಕೊಂಡಿದ್ದಾರೆ. ಒಂದೇ ಊರು ಆಡಳಿತದವರಿಗೆ ಹಳ್ಳಿ, ಎಣಿಕೆಯವರಿಗೆ ಪಟ್ಟಣ!

ಇದು ಯಾರದೋ ಕೈತಪ್ಪಿನಿಂದ ಆದುದಲ್ಲ. ಐದು ಸಾವಿರಕ್ಕೆ ಕಡಿಮೆಯಿಲ್ಲದ ಜನ, ಚದರ ಕಿಲೋಮೀಟರಿಗೆ ನಾನೂರಕ್ಕೆ ಕಡಿಮೆಯಿಲ್ಲದ ದಟ್ಟಣೆ, ದುಡಿಯುವ ಗಂಡಸರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟಾದರೂ ಮಂದಿ ಒಕ್ಕಲುತನವನ್ನು ಬಿಟ್ಟು ಬೇರೆ ಕಸುಬಿನಲ್ಲಿರುವದು—ಈ ಮೂರು ಲಕ್ಷಣಗಳು ಕೂಡಿದಲ್ಲಿ ಆ ಊರಿಗೆ ನಗರಸಭೆಯಿರಲಿ ಬಿಡಲಿ, ಜನಗಣತಿಯು ಅದನ್ನು ಪಟ್ಟಣವೆಂದು ಎಣಿಸುವದು. ೨೦೦೧ರಲ್ಲಿ ಇಂಥ ‘ಜನಗಣತಿ ಪಟ್ಟಣಗಳು’ ಇಡೀ ಭಾರತದಲ್ಲಿ ೧,೩೬೨ ಇದ್ದುವು; ೨೦೧೧ಕ್ಕೆ ಅವು ಮೂರು ಸಾವಿರದ ಎಂಟುನೂರನ್ನು ಮೀರಿದವು. ಹತ್ತೇ ವರ್ಷಗಳಲ್ಲಿ ಎರಡೂವರೆ ಸಾವಿರದಷ್ಟು ಊರುಗಳು ಹಳ್ಳಿಯ ಹೆಸರನ್ನು ಹೊತ್ತುಕೊಂಡೇ ಪಟ್ಟಣದ ಬಾಳನ್ನು ಬಾಳತೊಡಗಿದವೆಂದರೆ, ಊರಿಗೂ ಪಟ್ಟಣಕ್ಕೂ ನಡುವೆ ನಾವು ಎಳೆದಿರುವ ಗೆರೆಯ ವಿಷಯವಾಗಿ ವಿಚಾರ ಮಾಡುವದು ಅವಶ್ಯವಾಗಿದೆ. ಈ ಗೆರೆಯು ನಮ್ಮ ಕರಾವಳಿಯಲ್ಲಿ ಯಾವಾಗ ಹುಟ್ಟಿತು, ಯಾರು ಎಳೆದರು, ಅದರಿಂದ ಯಾರಿಗೆ ಏನಾಯಿತು ಎಂಬದನ್ನು ಕಾರವಾರ-ಅಂಕೋಲೆ ತಾಲೂಕುಗಳ ಇತಿಹಾಸದಿಂದ ತಿಳಿದುಕೊಳ್ಳುವದೇ ಈ ಲೇಖನದ ಉದ್ದೇಶ.

೨

ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಹಳ್ಳಿಯೆಂದರೆ ಏನೆಂಬದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆಗಳೆಲ್ಲವೂ ಒತ್ತಟ್ಟಿಗೆ ಗೋಡೆಗೆ ಗೋಡೆ ತಗುಲಿ ನಿಂತಿರುವವು, ಊರಿಗೊಂದು ಅಗಸೆ, ಅಗಸೆಯ ಹೊರಗೆ ಹೊಲ. ಊರು ಎಲ್ಲಿ ಮುಗಿಯಿತೆಂಬದು ಕುರುಡನಿಗೂ ತಿಳಿಯುವಂತಿರುವದು. ಕರಾವಳಿಯ ರೀತಿಯೇ ಬೇರೆ. ಇಲ್ಲಿ ಸಹ್ಯಾದ್ರಿಯು ಸಮುದ್ರಕ್ಕೆ ಮೈ ತಾಗಿಸಿ ನಿಂತಿದೆ. ಗುಡ್ಡಕ್ಕೂ ಕಡಲಿಗೂ ನಡುವಣ ಕಿರಿದಾದ ಪಟ್ಟಿಯಲ್ಲಿ ಮನೆಯು ತನ್ನ ಹಿತ್ತಿಲೊಳಗೆ, ಹಿತ್ತಿಲು ಗದ್ದೆಯ ಅಂಚಿನಲ್ಲಿ, ಗದ್ದೆಯು ಗಜನಿಯ ತನಕ, ಗಜನಿಯು ಹೊಳೆಯ ಉಪ್ಪುನೀರಿನ ತನಕ ಚಾಚಿಕೊಂಡಿರುವವು. ಅಗಸೆಯಿಲ್ಲ, ಕೋಟೆಗೋಡೆಯ ಒಳಗಿನ ಊರೆಂಬದಿಲ್ಲ. ಒಂದೂರಿನ ತೆಂಗು ಎಲ್ಲಿ ಮುಗಿದು ಇನ್ನೊಂದೂರಿನ ತೆಂಗು ಎಲ್ಲಿ ತೊಡಗಿತೆಂದು ಕೇಳಿದರೆ ನಡುವಣ ಹಳ್ಳವನ್ನೇ ತೋರಿಸಬೇಕು. ಆದಕಾರಣ ಹಳೆಯ ಕಂದಾಯದ ಲೆಕ್ಕದಲ್ಲಿಯೂ ಕೆನರಾ ಪ್ರಾಂತದಲ್ಲಿ ಹಲವು ಗ್ರಾಮಗಳನ್ನು ಕೂಡಿಸಿ ಮಾಗಣೆಯೆಂದು ಎಣಿಸುವ ವಾಡಿಕೆಯಿದ್ದಿತು. ಒಂಟಿ ಗ್ರಾಮವೆಂಬದು ಇಲ್ಲಿಯ ನೆಲದ ಮೇಲೆ ಅಷ್ಟು ಸ್ಪಷ್ಟವಾಗಿ ಕಾಣುವ ವಸ್ತುವಾಗಿರಲಿಲ್ಲ.

ಈಗಿನ ಕಾರವಾರ ನಗರಸಭೆಯ ಕೇರಿಗಳ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿರಿ: ನಂದನಗದ್ದಾ, ಕಾಜುಬಾಗ, ಕೋಡಿಬಾಗ, ಹಬ್ಬುವಾಡ, ಸುಂಕೇರಿ, ಬಾಡ, ಬೈತಖೋಲ. ಒಂದು ಗದ್ದೆ, ಒಂದು ಗೇರುತೋಟ, ಒಂದು ವಾಡ, ಒಂದು ಕೇರಿ! ಪಟ್ಟಣದ ಹೆಸರಾದರೂ ಪಟ್ಟಣದ್ದೇ ಆಗಿದೆಯೇ? ಕಾಳೀನದಿಯ ಒಳಭಾಗದಲ್ಲಿ, ಈಗಿನ ಪೇಟೆಯಿಂದ ಮೂರು ಮೈಲಿನಷ್ಟು ಪೂರ್ವಕ್ಕಿರುವ ಕಡವಾಡವೆಂಬ ಹಳ್ಳಿಯ ಹೆಸರೇ—ಕಡೆಯ ವಾಡವೆಂದು ಅದರ ಅರ್ಥವನ್ನು ಹೇಳುವರು—ಪರದೇಶದ ವ್ಯಾಪಾರಿಗಳ ನಾಲಗೆಯಲ್ಲಿ ಕಾರವಾರವಾಯಿತು. ಹಳೆಯ ಕಾರವಾರವೆಂದರೆ ಆ ಕಡವಾಡವೇ. ಹಳ್ಳಿಯು ತನ್ನ ಹೆಸರನ್ನು ಪಟ್ಟಣಕ್ಕೆ ಕೊಟ್ಟು ತಾನು ಹಳ್ಳಿಯಾಗಿಯೇ ಉಳಿದುಕೊಂಡಿತು.

ಆ ಹಳೆಯ ಬಂದರದ ಕಥೆಯೂ ಇಲ್ಲಿ ನೆನೆಯತಕ್ಕದ್ದೇ. ೧೬೩೮ರಲ್ಲಿ ಕೋರ್ಟೀನನ ಸಂಘದ ಇಂಗ್ಲಿಷ ವ್ಯಾಪಾರಿಗಳು ಇಲ್ಲಿ ತಮ್ಮ ಕೋಠಿಯನ್ನು ತೆರೆದರು. ಮೆಣಸು, ಏಲಕ್ಕಿ, ನಯವಾದ ಮಲಮಲು ಬಟ್ಟೆ ಇವೇ ಅವರಿಗೆ ಬೇಕಾದ ಸರಕುಗಳು. ಮೆಣಸು ಘಟ್ಟದ ತೋಟಗಳದು, ಬಟ್ಟೆಯು ಹುಬ್ಬಳ್ಳಿ ಮೊದಲಾದ ಘಟ್ಟದ ಮೇಲಿನ ಊರುಗಳ ನೇಕಾರರದು. ಎತ್ತಿನ ಹೇರಿನ ಮೇಲೆ ಅವು ಇಳಿದು ಬಂದು ಹಡಗನ್ನೇರುತ್ತಿದ್ದುವು. ೧೬೬೫ರಲ್ಲಿ ಶಿವಾಜಿಯು ಈ ದಾರಿಯಾಗಿ ಬಂದಾಗ ಇಲ್ಲಿಯ ವರ್ತಕರೊಡನೆ ಇಂಗ್ಲಿಷರೂ ತಮ್ಮ ಪಾಲಿನ ಹಣವನ್ನು ತೆತ್ತರು. ಮುಂದೆ ಹದಿನೆಂಟನೆಯ ಶತಮಾನದ ಮೊದಲಲ್ಲಿ ಸೋದೆಯ ಅರಸನಾದ ಬಸವಲಿಂಗನು ತನ್ನ ತಂದೆಯ ಹೆಸರಿನಿಂದ ಸದಾಶಿವಗಡವನ್ನು ಕಟ್ಟಿಸಿದನು. ೧೭೫೨ರಲ್ಲಿ ಆ ಗಡವು ಪೋರ್ತುಗೀಜರ ಕೈಸೇರಿ, ಇಂಗ್ಲಿಷರ ಕೋಠಿಯು ಮುಚ್ಚಿತು. ಈ ನೂರು ವರ್ಷಗಳಿಗೆ ಮಿಕ್ಕ ವ್ಯಾಪಾರದಿಂದ ಇಲ್ಲಿ ದೊಡ್ಡ ನಗರವೊಂದು ಏಳಲಿಲ್ಲ. ಬಂದರವು ಇದ್ದಿತು, ಕೋಠಿಯು ಇದ್ದಿತು, ಗಡವು ಇದ್ದಿತು. ಇವುಗಳ ಸುತ್ತಲೂ ಗದ್ದೆ-ತೋಟಗಳು ಇದ್ದಂತೆಯೇ ಇದ್ದುವು.

೩

ಪಟ್ಟಣವು ಹುಟ್ಟಿದ್ದು ೧೮೬೨ರಲ್ಲಿ. ಹುಟ್ಟಿಸಿದ್ದು ಅಮೇರಿಕೆಯ ಯುದ್ಧ. ೧೮೬೧ರಲ್ಲಿ ಆ ದೇಶದ ಉತ್ತರ-ದಕ್ಷಿಣ ಸಂಸ್ಥಾನಗಳಿಗೆ ಕಾಳಗವು ತೊಡಗಿ ಲ್ಯಾಂಕಶಾಯರದ ಗಿರಣಿಗಳಿಗೆ ಅಲ್ಲಿಯ ಅರಳೆಯು ಬಾರದಂತಾಯಿತು. ಮ್ಯಾಂಚೆಸ್ಟರಿನ ದೃಷ್ಟಿಯು ಧಾರವಾಡದ ಕರಿಯ ಮಣ್ಣಿನ ಕಡೆಗೆ ತಿರುಗಿತು. ಆ ಅರಳೆಯನ್ನು ಹತ್ತಿರದ ದಾರಿಯಿಂದ ಕಡಲಿಗಿಳಿಸಲು ಒಂದು ಬಂದರವು ಬೇಕಾಯಿತು. ಕಾರವಾರದ ಕೊಲ್ಲಿಯು ಅದಕ್ಕೆ ತಕ್ಕುದೆಂದು ಕಂಡಿತು. ಅದುವರೆಗೆ ಮದ್ರಾಸ ಇಲಾಖೆಯಲ್ಲಿದ್ದ ಉತ್ತರ ಕೆನರಾವನ್ನು ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿ, ಮೀನುಗಾರರ ಸಣ್ಣ ಊರಾಗಿದ್ದ ಸ್ಥಳವನ್ನು ಜಿಲ್ಹೆಯ ಮುಖ್ಯ ಠಾಣೆಯನ್ನಾಗಿ ಮಾಡಿದರು. ೧೮೬೪ರಲ್ಲಿ ಕೊಲ್ಲಿಯೆದುರಿನ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭವು ಬೆಳಗಿತು. ಘಟ್ಟವನ್ನು ಕಡಿದು ಬಂಡಿಯ ದಾರಿಗಳನ್ನು ಮಾಡಿದರು. ರೈಲನ್ನೂ ತರುವ ಆಲೋಚನೆಯು ನಡೆಯಿತು. ಕಚೇರಿಗಳೂ ಸಾಹೇಬರ ಬಂಗಲೆಗಳೂ ಎದ್ದುವು.

ಆದರೆ ೧೮೬೫ರಲ್ಲಿ ಯುದ್ಧವು ಮುಗಿಯಿತು. ಅರಳೆಯ ಬೆಲೆಯು ಬಿದ್ದಿತು. ಮುಂದೆ ೧೮೮೦ರ ದಶಕದಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದ ರೈಲು ಕಾರವಾರಕ್ಕೆ ಇಳಿಯದೆ ಗೋವೆಯ ಮುರ್ಮುಗೋವೆಗೆ ಇಳಿಯಿತು. ಅರಳೆಗಾಗಿ ಕಟ್ಟಿದ ಪಟ್ಟಣಕ್ಕೆ ಅರಳೆಯೇ ಬಾರದಾಯಿತು. ಉಳಿದುದು ಕಚೇರಿ, ಉಳಿದುದು ಆ ಕಚೇರಿಯ ಸುತ್ತ ಎಳೆದ ಗೆರೆ.

ಈ ಗೆರೆಯು ಆಗ ಎಷ್ಟು ತೆಳುವಾಗಿದ್ದಿತೆಂಬದಕ್ಕೆ ಕವಿಯೊಬ್ಬನ ಸಾಕ್ಷಿಯಿದೆ. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದರು. ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಬೆಳ್ದಿಂಗಳ ರಾತ್ರಿಯಲ್ಲಿ ದೋಣಿಯೇರಿ ಕಾಳೀನದಿಯಲ್ಲಿ ಮೇಲಕ್ಕೆ ಸಾಗಿ, ಹಳೆಯ ಗಡವೊಂದರ ಬುಡದಲ್ಲಿಳಿದು, ಒಬ್ಬ ಒಕ್ಕಲಿಗನ ಮನೆಯ ಗುಡಿಸಿದ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿಯನ್ನು ಉಂಡುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಜಿಲ್ಹೆಯ ನ್ಯಾಯಾಧೀಶನ ಬಂಗಲೆಯಿಂದ ಒಕ್ಕಲಿಗನ ಅಂಗಳಕ್ಕೆ ದೋಣಿಯ ಒಂದು ಪಯಣ ಮಾತ್ರ; ಹಿಂದಿರುಗುವಾಗ ನದಿಯ ಬಾಯಿಂದ ಮರಳಿನ ಮೇಲೆ ನಡಿಗೆ. ಇಂದು ಆ ಕಡಲದಂಡೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

೪

ಅಂಕೋಲೆಯ ಇತಿಹಾಸವು ಇದೇ ಮಾತನ್ನು ಇನ್ನೊಂದು ಬಗೆಯಿಂದ ಹೇಳುವದು. ಅಲ್ಲಿ ಹಳೆಯ ಕೋಟೆಯ ಅವಶೇಷವಿದೆ, ಪೇಟೆಯಿದೆ. ಆದರೆ ಪೇಟೆಯ ಉಸಿರು ಸುತ್ತಲಿನ ಹಳ್ಳಿಗಳದು. ೧೯೩೦ರ ಏಪ್ರಿಲ್ ೧೩ರಂದು ಶ್ರೀ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅನಂತರದ ಕರನಿರಾಕರಣೆಯ ಭಾರವನ್ನು ಹೊತ್ತವರು ಸೂರ್ವೆ, ಕಣಗಿಲ, ಹಿಚ್ಕಡ, ಬೋಳೆ ಮೊದಲಾದ ಊರುಗಳ ಒಕ್ಕಲಿಗರು. ಅವರ ನೆಲಗಳು ಜಪ್ತಿಯಾದುವು, ಮನೆಯ ಪಾತ್ರೆಗಳು ಹರಾಜಾದುವು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದದ್ದು ಈ ಕಾರಣದಿಂದ. ೧೯೩೭ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವು ಬಂದ ಮೇಲೆಯೇ ಕಳೆದ ನೆಲಗಳನ್ನು ಹಿಂದಕ್ಕೆ ಕೊಡುವ ಕಾಯಿದೆಯಾಯಿತು. ಪೇಟೆಯ ವಕೀಲ-ವರ್ತಕರ ಮಾತೂ ಹಳ್ಳಿಯ ಒಕ್ಕಲಿಗನ ನೆಲವೂ ಕೂಡದೆ ಹೋಗಿದ್ದರೆ ಆ ಹೋರಾಟವು ಒಂದು ವಾರವಾದರೂ ನಿಲ್ಲುತ್ತಿದ್ದಿತೇ?

ಇಂದಿಗೂ ಅಂಕೋಲೆಯ ಪೇಟೆಯಲ್ಲಿ ಬೆಳಗಿನ ಹೊತ್ತು ಕಾಯಿಪಲ್ಲೆಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿರುವ ಹಾಲಕ್ಕಿ ಹೆಂಗಸರು ಈ ನಂಟಿನ ಜೀವಂತ ಸಾಕ್ಷಿಗಳು. ಮಣಿಸರಗಳನ್ನು ಕೊರಳು ತುಂಬ ಧರಿಸಿದ ಈ ಒಕ್ಕಲಿನವರಲ್ಲಿ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನಿಂದಲೂ, ಹೊನ್ನಳ್ಳಿಯ ತುಳಸಿ ಗೌಡರು ಗಿಡಗಳನ್ನು ಬೆಳೆಸಿದ್ದರಿಂದಲೂ ದೇಶದ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿ, ಸುಕ್ರಜ್ಜಿಯವರು ೨೦೨೫ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂಕೋಲೆಯ ಕರಿ ಈಶಾಡು ಮಾವಿಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಪೇಟೆಯ ಕೀರ್ತಿಯೆಂದು ನಾವು ಹೇಳಿಕೊಳ್ಳುವದರಲ್ಲಿ ಎಷ್ಟು ಪಾಲು ಹಿತ್ತಿಲಿನದೆಂಬದನ್ನು ಇದರಿಂದ ಕಾಣಬಹುದು.

ನೀರಿನ ಮಾತನ್ನಂತೂ ಹೇಳಲೇಬೇಕು. ಕಾರವಾರದ ನಲ್ಲಿಗಳಲ್ಲಿ ಬರುವ ಸಿಹಿನೀರು ಕಾರವಾರ ತಾಲೂಕಿನದೇ ಅಲ್ಲ. ಅಂಕೋಲೆ ತಾಲೂಕಿನ ಹೊನ್ನಳ್ಳಿಯ ಬಳಿ ಗಂಗಾವಳಿಯಿಂದ ಎತ್ತಿ ಕೊಳವೆಗಳ ಮೂಲಕ ತಂದದ್ದು. ಪಟ್ಟಣವು ಪ್ರತಿದಿನವೂ ಬಾಯಾರಿ ಒಂದು ಹಳ್ಳಿಯ ಹೊಳೆಗೆ ಬಾಯಿ ಇಡುತ್ತಿದೆ.

೫

ಹೀಗೆ ಒಂದಾಗಿ ಬೆಳೆದುದನ್ನು ಕಾಯಿದೆಗಳು ಎರಡಾಗಿ ಕಂಡವು. ೧೯೫೬ರಲ್ಲಿ ಜಿಲ್ಹೆಯು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಿತು. ೧೯೬೧ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆ, ೧೯೬೪ರಲ್ಲಿ ಪುರಸಭೆಗಳ ಕಾಯಿದೆ, ೧೯೯೩ರಲ್ಲಿ ಪಂಚಾಯತ ರಾಜ್ಯ ಕಾಯಿದೆ ಆದುವು. ೧೯೯೨ರಲ್ಲಿ ನಮ್ಮ ಸಂವಿಧಾನಕ್ಕೆ ಎಪ್ಪತ್ತಮೂರನೆಯ ಮತ್ತು ಎಪ್ಪತ್ತನಾಲ್ಕನೆಯ ತಿದ್ದುಪಡಿಗಳಾಗಿ ಹಳ್ಳಿಗೊಂದು ಅಧ್ಯಾಯ, ಪಟ್ಟಣಕ್ಕೊಂದು ಅಧ್ಯಾಯ ಎಂದು ಬರೆದರು. ಆದರೂ ಆ ಸಂವಿಧಾನವೇ ಒಂದು ಸತ್ಯವನ್ನು ಒಪ್ಪಿಕೊಂಡಿದೆ: ಗ್ರಾಮದಿಂದ ಪಟ್ಟಣಕ್ಕೆ ಮಾರ್ಪಡುತ್ತಿರುವ ಪ್ರದೇಶವೆಂಬದೊಂದು ಇದೆ, ಅದಕ್ಕೆ ಬೇರೆ ಬಗೆಯ ಪಂಚಾಯತಿಯು ಬೇಕು ಎಂದು ಅದು ಹೇಳುವದು. ಹಳ್ಳಿ-ಪಟ್ಟಣಗಳ ಯೋಜನೆಗಳನ್ನು ಕೂಡಿಸಿ ನೀರು, ನೆಲ ಮೊದಲಾದವುಗಳನ್ನು ಹಂಚುವ ಆಲೋಚನೆಗಾಗಿ ಜಿಲ್ಹೆಗೊಂದು ಯೋಜನಾ ಸಮಿತಿಯಿರಬೇಕೆಂದೂ ಹೇಳುವದು. ಹೇಳಿದ್ದು ಚೆನ್ನಾಗಿದೆ, ನಡೆದದ್ದು ಅಷ್ಟಿಲ್ಲ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯತಿಗಳ ಅವಧಿಯು ೨೦೨೧ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರಿಲ್ಲದ ಸಮಿತಿಯಲ್ಲಿ ಹಳ್ಳಿಯ ಪರವಾಗಿ ಮಾತನಾಡುವವರಾರು?

ಗೆರೆಯು ಯಾವ ಬದಿಗೆ ಬಿದ್ದಿತೆಂಬದರ ಮೇಲೆ ಬಡವನ ಲಾಭ-ಹಾನಿಗಳು ನಿಂತಿರುವವು. ಅದನ್ನು ಸ್ವಲ್ಪ ಬಿಡಿಸಿ ಹೇಳುವದು ಒಳ್ಳೆಯದು. ೨೦೧೩ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಪಟ್ಟಣದ ನೆಲಕ್ಕೆ ಪೇಟೆಯ ಬೆಲೆಯನ್ನು ಒಂದರಿಂದಲೇ ಗುಣಿಸುವರು. ಗ್ರಾಮಾಂತರದ ನೆಲಕ್ಕೆ ಪಟ್ಟಣದಿಂದ ಇರುವ ದೂರವನ್ನು ನೋಡಿ ಒಂದರಿಂದ ಎರಡರವರೆಗೆ ಗುಣಿಸುವರು. ಒಂದೇ ಗದ್ದೆಯು ಗೆರೆಯ ಒಳಗಾದರೆ ಒಂದು ಲೆಕ್ಕ, ಹೊರಗಾದರೆ ಇನ್ನೊಂದು ಲೆಕ್ಕ. ೨೦೦೫ರ ಉದ್ಯೋಗ ಖಾತರಿಯ ಕಾಯಿದೆಯು ಗ್ರಾಮಾಂತರದವರಿಗೆ ಮಾತ್ರ ಸಲ್ಲುವಂತೆ ರಚಿತವಾಯಿತು. ಪಂಚಾಯತಿಯು ಪುರಸಭೆಯಾದಲ್ಲಿ ಆ ಊರಿನ ಕೂಲಿಯವಳ ಕೈಯಿಂದ ಆ ಹಕ್ಕು ಜಾರುತ್ತಿದ್ದಿತು. ಎದುರು ಬದಿಯನ್ನೂ ನೋಡಬೇಕು. ಮನೆಗಳು ಒತ್ತಾಗಿ ಬೆಳೆದ ಊರಿಗೆ ಗಟಾರ ಬೇಕು, ಕಸವನ್ನು ಒಯ್ಯುವವರು ಬೇಕು, ದೀಪ ಬೇಕು. ಗ್ರಾಮ ಪಂಚಾಯತಿಯ ಬೊಕ್ಕಸಕ್ಕೆ ಇದು ಭಾರ. ಹೀಗಾಗಿ ಕೆಲವರು ಪುರಸಭೆ ಬೇಕೆನ್ನುವರು, ಕೆಲವರು ಬೇಡವೆನ್ನುವರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ೨೦೧೬ರಲ್ಲಿ ಕೇಂದ್ರ ಸರಕಾರವು ಹಳ್ಳಿಗಳ ಗುಂಪುಗಳಿಗೆ ಪಟ್ಟಣದ ಸೌಕರ್ಯಗಳನ್ನು ಒದಗಿಸುವ ‘ರರ್ಬನ್’ ಯೋಜನೆಯನ್ನು ತೊಡಗಿಸಿದಾಗ ಇದೇ ತೊಡಕನ್ನು ಬಿಡಿಸಲು ನೋಡಿತು. ಹಳ್ಳಿಗೂ ಪಟ್ಟಣಕ್ಕೂ ನಡುವಣ ಬಾಳಿಗೆ ಹೊಸದೊಂದು ಶಬ್ದವನ್ನೇ ಹುಟ್ಟಿಸಬೇಕಾಯಿತೆಂಬದು ಮನಗಾಣತಕ್ಕ ವಿಷಯ.

೬

ಈ ಎರಡು ತಾಲೂಕುಗಳಲ್ಲಿ ಗೆರೆಯು ಅತ್ಯಂತ ಆಳವಾಗಿ ಕೊರೆದದ್ದು ನೌಕಾನೆಲೆಯ ಸಂದರ್ಭದಲ್ಲಿ. ೧೯೮೬ರ ಅಕ್ಟೋಬರ ೨೪ರಂದು ಪ್ರಧಾನಿ ರಾಜೀವ ಗಾಂಧಿಯವರು ‘ಸೀ ಬರ್ಡ್’ ಯೋಜನೆಗೆ ಅಡಿಗಲ್ಲನ್ನಿಟ್ಟರು. ೨೦೦೫ರ ಮೇ ೩೧ರಂದು ಆ ನೆಲೆಯು ಐ.ಎನ್.ಎಸ್. ಕದಂಬವೆಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಬನವಾಸಿಯ ಕದಂಬರ ಹೆಸರನ್ನು ಅದಕ್ಕಿಟ್ಟದ್ದು ನಮಗೆ ಅಭಿಮಾನದ ಸಂಗತಿಯೇ. ದೇಶದ ರಕ್ಷಣೆಗೆ ಅದು ಬೇಕೆಂಬದರಲ್ಲಿಯೂ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಕಾರವಾರ-ಅಂಕೋಲೆಗಳ ಹದಿಮೂರು ಹಳ್ಳಿಗಳಲ್ಲಿ ಹನ್ನೊಂದು ಸಾವಿರ ಎಕರೆಗೂ ಮಿಕ್ಕ ನೆಲವು ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋಗಬೇಕಾಯಿತು. ಅರಗಾದಂಥ ಊರುಗಳಲ್ಲಿ ಒಂದೇ ಮನೆಯವರು ಮಳೆಗಾಲದಲ್ಲಿ ಗದ್ದೆಯನ್ನು ಮಾಡಿ, ಮಳೆ ಹಿಂದೆ ಸರಿದ ಮೇಲೆ ಕಡಲಿಗೆ ಬಲೆಯನ್ನು ಬೀಸಿ, ತೆಂಗನ್ನು ಇಳಿಸಿ ಬದುಕುತ್ತಿದ್ದರು. ಅವರು ಒಕ್ಕಲಿಗರೋ ಮೀನುಗಾರರೋ ತೋಟಿಗರೋ ಎಂದು ಕೇಳಿದರೆ ಮೂರೂ ಹೌದು. ಅವರಿಗೆ ದೊರೆತದ್ದು ಪುನರ್ವಸತಿಯ ಕಾಲನಿಗಳಲ್ಲಿ ಅಳತೆಯ ನಿವೇಶನ. ಅಲ್ಲಿ ರಸ್ತೆಗಳು ನೇರವಾಗಿವೆ, ಮನೆಗಳು ಸಾಲಾಗಿವೆ. ಗದ್ದೆಯಿಲ್ಲ, ಕಡಲು ದೂರ. ಅದು ಹಳ್ಳಿಯಲ್ಲ, ಪಟ್ಟಣದ ಉದ್ಯೋಗವಿಲ್ಲದ್ದರಿಂದ ಪಟ್ಟಣವೂ ಅಲ್ಲ. ನೆಲದ ಪರಿಹಾರಕ್ಕಾಗಿ ನ್ಯಾಯಾಲಯಗಳಲ್ಲಿ ನಡೆದ ವ್ಯಾಜ್ಯವು ಒಂದು ತಲೆಮಾರನ್ನೇ ನುಂಗಿತು. ಅಡಿಗಲ್ಲಿನ ದಿವಸ ತಾಯಿಯ ಮಡಿಲಲ್ಲಿದ್ದ ಕೂಸು ಪರಿಹಾರದ ಹಣವನ್ನು ಕಾಣುವಾಗ ತಾನೇ ತಂದೆಯಾಗಿದ್ದಿತು.

ಇದೇ ಕಾಲದಲ್ಲಿ ಕಾಳೀನದಿಯ ಮೇಲ್ಗಡೆ ಕಾಡಿನ ನಡುವೆ ಕೈಗಾದ ಅಣುವಿದ್ಯುತ್ ಸ್ಥಾವರವೂ ಮಲ್ಲಾಪುರದಲ್ಲಿ ಅದರ ನೌಕರರ ವಸತಿಯೂ ಎದ್ದುವು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಿತು. ಹೆದ್ದಾರಿಯು ಅಗಲವಾಯಿತು. ಹಾರವಾಡ, ಅವರ್ಸೆಗಳಂಥ ಊರುಗಳ ನಡುವೆ ಹಾದುಹೋಗುವ ಈ ದಾರಿಯ ಬದಿಗೆ ಅಂಗಡಿ, ಗ್ಯಾರೇಜು, ಊಟದ ಮನೆಗಳು ಬಂದವು. ಹಿಂದುಗಡೆ ಗದ್ದೆಯು ಹಾಗೆಯೇ ಇದೆ, ಅಥವಾ ಮಣ್ಣು ತುಂಬಿಸಿಕೊಂಡು ನಿವೇಶನವಾಗಲು ಕಾದಿದೆ. ೨೦೨೦ರ ಜನವರಿಯಲ್ಲಿ ಕಾರವಾರದ ಬಂದರದ ವಿಸ್ತರಣವನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದರು. ಎಣಿಕೆಯ ಪುಸ್ತಕದಲ್ಲಿ ಪಟ್ಟಣಿಗರಾದ ಅವರ ಕಸುಬು ಕಡಲದಂಡೆಯ ಮರಳನ್ನು ನಂಬಿದೆ. ೨೦೨೩ರ ನವೆಂಬರದಲ್ಲಿ ಅಂಕೋಲೆಯ ಪೇಟೆಗೆ ತೀರ ಹತ್ತಿರದ ಕೇಣಿಯಲ್ಲಿ ೪,೧೧೯ ಕೋಟಿ ರೂಪಾಯಿಗಳ ಖಾಸಗಿ ಬಂದರಕ್ಕೆ ಸರಕಾರವು ಒಪ್ಪಿಗೆಯಿತ್ತಿತು. ೨೦೨೫ರ ಆಗಸ್ಟಿನಲ್ಲಿ ನಡೆದ ಅಹವಾಲಿನ ಸಭೆಯಲ್ಲಿ ಮೀನುಗಾರರು ತಮ್ಮ ವಿರೋಧವನ್ನು ಸ್ಪಷ್ಟವಾಗಿ ಹೇಳಿದರು. ೧೮೬೨ರಲ್ಲಿ ಅರಳೆಗಾಗಿ ಬಂದರವು ಬೇಕಾದಾಗ ಮೀನುಗಾರರನ್ನು ಯಾರೂ ಕೇಳಿರಲಿಲ್ಲ. ಈಗ ಕೇಳುವ ಪದ್ಧತಿಯಾದರೂ ಬಂದಿದೆ. ಕೇಳಿದ ಮಾತನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯು ಇನ್ನೂ ಬರಬೇಕಾಗಿದೆ.

೭

೨೦೨೪ರ ಮಳೆಗಾಲವು ನಮಗೆ ಒಂದು ಕಠೋರವಾದ ಪಾಠವನ್ನು ಕಲಿಸಿತು. ಜುಲೈ ೧೬ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡವು ಕುಸಿದು, ದಾರಿಯನ್ನು ಮುಚ್ಚಿ, ಗಂಗಾವಳಿಗೆ ಬಿದ್ದಿತು. ಚಹದ ಅಂಗಡಿಯವರೂ ದಾರಿಹೋಕರೂ ಮಣ್ಣಿನಡಿ ಸಿಕ್ಕಿದರು. ಮಣ್ಣಿನ ಹೊಡೆತಕ್ಕೆ ಉಕ್ಕಿದ ನೀರು ಎದುರು ದಡದ ಉಳುವ್ರೆಯ ಮನೆಗಳಿಗೆ ಅಪ್ಪಳಿಸಿ ಅಲ್ಲಿಯೂ ಜೀವಹಾನಿಯಾಯಿತು. ಇದಾದ ಮೂರು ವಾರಗಳಲ್ಲಿ, ಆಗಸ್ಟ್ ೭ರ ನಡುರಾತ್ರಿಯ ಮೇಲೆ, ಕೋಡಿಬಾಗ-ಸದಾಶಿವಗಡಗಳ ನಡುವಣ ಕಾಳೀನದಿಯ ಹಳೆಯ ಸೇತುವೆಯು ಮುರಿದು ಬಿದ್ದಿತು. ಹೆದ್ದಾರಿಯು ಒಂದು ಇಲಾಖೆಯದು, ಗುಡ್ಡವು ಇನ್ನೊಂದರದು, ಹೊಳೆಯು ಮತ್ತೊಂದರದು, ಮನೆಗಳು ಪಂಚಾಯತಿಯವು. ನೀರಿಗೂ ಮಣ್ಣಿಗೂ ಈ ಹಂಚಿಕೆಯು ತಿಳಿಯದು. ಅರಗಾ, ಚೆಂಡಿಯಾಗಳ ಕಡೆಗೆ ಮಳೆಗಾಲದಲ್ಲಿ ಗುಡ್ಡದ ನೀರು ಕಡಲಿಗಿಳಿಯುವ ದಾರಿಯು ಸಾಲದೆ ಗದ್ದೆ-ಮನೆ-ಹೆದ್ದಾರಿಗಳನ್ನು ತುಂಬುವದನ್ನೂ ನಾವು ಕಾಣುತ್ತಿದ್ದೇವೆ.

ಇಷ್ಟು ಇತಿಹಾಸದಿಂದ ನಮಗೆ ತೋರುವದು ಒಂದೇ ಮಾತು. ಈ ಕರಾವಳಿಯಲ್ಲಿ ಊರು-ಪಟ್ಟಣಗಳ ಗೆರೆಯು ಈಗ ಅಳಿಸಿಹೋಗುತ್ತಿದೆಯೆಂದು ಹೇಳುವದು ಪೂರ್ಣ ಸತ್ಯವಲ್ಲ. ನೆಲದ ಮೇಲೆ ಅದು ಎಂದೂ ಇರಲಿಲ್ಲ. ಅರಳೆಯ ಕಾಲದಲ್ಲೊಮ್ಮೆ, ನೌಕಾನೆಲೆಯ ಕಾಲದಲ್ಲೊಮ್ಮೆ, ರೈಲು-ಹೆದ್ದಾರಿಗಳ ಕಾಲದಲ್ಲೊಮ್ಮೆ ಹೊರಗಿನ ಅವಶ್ಯಕತೆಗಾಗಿ ಅದನ್ನು ಕಾಗದದ ಮೇಲೆ ಎಳೆದರು. ಎಳೆದಾಗಲೆಲ್ಲ ಅದರ ಮೇಲೆಯೇ ಮನೆಯಿದ್ದವರು ನೋವನ್ನುಂಡರು. ಗೆರೆಯನ್ನು ಎಳೆಯಲೇಬಾರದೆಂದು ನಾವು ಹೇಳುವದಿಲ್ಲ. ತೆರಿಗೆಗೂ ಮತದಾನಕ್ಕೂ ಎಲ್ಲೆಗಳು ಬೇಕೇ ಬೇಕು. ಆದರೆ ಯೋಜನೆಯ ಎಲ್ಲೆಯು ಆಡಳಿತದ ಎಲ್ಲೆಯೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಗುಡ್ಡದ ನೆತ್ತಿಯಿಂದ ಕಡಲಿನ ತನಕ ಒಂದೊಂದು ಹಳ್ಳವು ಹರಿಯುವ ನೆಲವನ್ನು ಒಂದೊಂದು ಘಟಕವೆಂದು ಹಿಡಿದು, ಅದರೊಳಗಿನ ನಗರಸಭೆಯೂ ಪಂಚಾಯತಿಯೂ ಕೂಡಿ ಕುಳಿತು ಆಲೋಚಿಸಲಿ. ನಿವೇಶನಗಳಿಗೆ ಅಪ್ಪಣೆ ಕೊಡುವ ಮೊದಲು ಆ ನೆಲದ ಗಜನಿ, ಕೆರೆ, ಹಳ್ಳದ ಬಾಯಿ, ಮೀನು ಒಣಗಿಸುವ ಮರಳು ಇವುಗಳ ಪಟ್ಟಿಯಾಗಲಿ. ಗಜನಿಯು ಉಪ್ಪುನೀರನ್ನು ತಾಳಿ ಕಗ್ಗದ ಭತ್ತವನ್ನು ಕೊಡುವ ಹೊಲ ಮಾತ್ರವಲ್ಲ. ಮಳೆಗಾಲದ ಹೆಚ್ಚಿನ ನೀರು ನಿಲ್ಲುವ ಜಾಗವೂ ಅದೇ. ಅದನ್ನು ಪಟ್ಟಣದ ಒಳಗೆ ಬಂದಿತೆಂದು ತುಂಬಿದರೆ ನೀರು ನಮ್ಮ ಪಡಸಾಲೆಯಲ್ಲಿ ಬಂದು ನಿಲ್ಲುವದು.

ಇದು ಹೊಸ ಮಾತೇನೂ ಅಲ್ಲ. ಜಿಲ್ಹಾ ಯೋಜನಾ ಸಮಿತಿಯೆಂಬ ಮಾರ್ಗವು ಸಂವಿಧಾನದಲ್ಲಿಯೇ ಇದೆ. ಆ ಸಮಿತಿಯ ಮುಂದೆ ಇಡಬೇಕಾದ ತಿಳಿವಳಿಕೆಯು ಮಾತ್ರ ಯಾವ ಕಚೇರಿಯಲ್ಲಿಯೂ ಪೂರ್ತಿಯಾಗಿ ದೊರೆಯದು. ಯಾವ ಹಳ್ಳವು ಎಲ್ಲಿ ಹರಿಯುತ್ತಿದ್ದಿತು, ಯಾವ ಗದ್ದೆಗೆ ಯಾವ ಹೆಸರಿದ್ದಿತು, ಯಾವ ದಾರಿಯು ದೋಣಿಗೆ ಹೋಗುತ್ತಿದ್ದಿತು ಎಂಬದನ್ನು ಬಲ್ಲವರು ಕಡವಾಡ, ಶಿರವಾಡ, ಅಮದಳ್ಳಿ, ಅವರ್ಸೆ, ಬೆಲೇಕೇರಿಗಳ ಮನೆಗಳಲ್ಲಿರುವ ಹಿರಿಯರು. ನೌಕಾನೆಲೆಗಾಗಿ ಎದ್ದುಹೋದ ಊರುಗಳ ಹಿರಿಯರಂತೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಆ ಊರುಗಳ ಕೊನೆಯ ನಕ್ಷೆಯೂ ಹೋಗುವದು. ನಮ್ಮ ಸಂಘದ ವಾಚಕರು ತಂತಮ್ಮ ಮನೆಯ ಹಿರಿಯರನ್ನು ಕೇಳಿ, ತಮ್ಮ ಊರಿನ ಹಳ್ಳ-ಗದ್ದೆ-ಗಜನಿಗಳ ಹೆಸರುಗಳನ್ನೂ ಅವುಗಳ ಮೇರೆಗಳನ್ನೂ ಬರೆದಿಡಬೇಕೆಂದು ಪ್ರಾರ್ಥಿಸುತ್ತೇವೆ. ರವಿವಾರದ ಕಾರವಾರ ಸಂತೆಯಲ್ಲಿ ಒಂದು ಗಂಟೆ ನಿಂತು, ಬುಟ್ಟಿಯ ಮುಂದೆ ಕುಳಿತವರನ್ನು ಯಾವ ಊರು ತಾಯಿ ಎಂದು ಕೇಳಿದರೂ ಕೆಲಸವು ಮೊದಲಾಗುವದು.